ಬಲಗಣ್ಣಿಗೆ ಹೆಚ್ಚು

ಬೊಗುಮಿಲ್ ಒಂದು ಕಣ್ಣು ಮುಚ್ಚಿ ನೋಡುತ್ತಾನೆ,
ಆಮೇಲೆ ಇನ್ನೊಂದು.
ಬಲಗಣ್ಣಿನ ಪೊರೆ ಮಾರ್ಚಿಯಲ್ಲಿ ತೆಗೆದರು,
ಎಡಗಣ್ಣಿನ ಸರದಿ ನವೆಂಬರಿಗೆ.
ನಡುವಿನ ತಿಂಗಳುಗಳಲ್ಲಿ
ಈ ಮನುಷ್ಯ ಕಡಲೊಂದನ್ನು ಕೊಂಡ:
ಅರವತ್ತು ಲೀಟರು,
ಗ್ಡೀನಿಯಾದ ನಾಲ್ಕನೇ ಮಹಡಿಯಲ್ಲಿ,
ನನ್ನ ಹೊಲಿಗೆ ಯಂತ್ರವಿದ್ದ ಜಾಗದಲ್ಲಿ.

ಕಿಟಕಿಯಾಚೆಯ ಬಾಲ್ಟಿಕ್ ಸಾಲದೇ, ಅಂದೆ.
ಅದೆಲ್ಲಿಯ ಕಡಲು, ಉಪ್ಪು ಮರೆತ ಸಾರು, ಅಂದ.
ಪೊಟ್ಟಣದ ಉಪ್ಪು ತೂಗಿ, ಕದಡಿ, ಮಾಪಕ ಇಳಿಬಿಟ್ಟು
ಪಕ್ಕದಲ್ಲೇ ಕೂತ,
ಹಿಟ್ಟು ಹುದುಗು ಬರಲೆಂದು ಕಾಯುವವರ ಹಾಗೆ.

ದೀಪದ್ದೇ ತಕರಾರು.
ಹಾಲ್ಶ್ಕಾಳ ಅಂಗಡಿಯಲ್ಲಿ ಮೂರು ಎಲ್‌ಇಡಿ ತೂಗುತ್ತಿದ್ದವು.
ಒಂದು ಬರೀ ಬಿಳಿ, ಅಡುಗೆಮನೆಯ ಬಿಳಿ:
ಪಾಚಿಗೆ ಹಬ್ಬ, ಹವಳಕ್ಕೆ ಉಪವಾಸ, ಅಂದಳು.
ಇನ್ನೊಂದು ಅಂಗೈಯಗಲ, ಬೆಲೆ ಮಾತ್ರ ಫ್ರಿಜ್ಜಿನದು.
ಮೂರನೆಯದಕ್ಕೆ ಎರಡು ತಿರುಗುಗುಂಡಿ,
ಬಿಳಿಗೊಂದು, ನೀಲಿಗೊಂದು; ಗುಯ್‌ಗುಡುವ ಫ್ಯಾನಿಲ್ಲ.
ವಾಟ್ ಎಣಿಸಬೇಡಿ, ಅಂದಳು,
ಬೆಳಕು ಎಲ್ಲಿ ಬಂದು ಬೀಳುತ್ತೆ ಅದನ್ನು ನೋಡಿ.

ಮೂವತ್ತೆಂಟು ವರ್ಷ ಹಡಗಿಗೆ ಬೆಸುಗೆ ಹಾಕಿದವನು,
ಬೆಳಕನ್ನು ಕಪ್ಪು ಗಾಜಿನ ಹಿಂದಿನಿಂದಲೇ ಬಲ್ಲವನು
ನೀಲಿ ಗುಂಡಿ ತಿರುಗಿಸಿದ.
ಕೈ ತಂತಾನೇ ಹಣೆಗೆ ಹೋಯಿತು,
ಇಲ್ಲದ ಮುಖವಾಡವನ್ನು ಎಳೆದುಕೊಳ್ಳಲು.

ಕೊಕ್ಕೆ ನಾನೇ ಮಾಡುತ್ತೇನೆ, ಕಬ್ಬಿಣದ್ದು, ಅಂದವನು
ತಾನೇ ನಾಲಿಗೆ ಕಚ್ಚಿಕೊಂಡ.
ಉಪ್ಪಿಗೂ ಕಬ್ಬಿಣಕ್ಕೂ ಇರುವ ಹಗೆ
ಅವನ ಸಂಬಳವಾಗಿತ್ತಲ್ಲ ಅಷ್ಟೂ ಕಾಲ.
ಅಲ್ಯುಮಿನಿಯಂ ಕೊಳವೆ ಬಾಗಿಸಿ
ದೀಪವನ್ನು ನೀರಿನಿಂದ ಒಂದು ಗೇಣು ಮೇಲೆ ಕಟ್ಟಿದ.
ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋಲಿಯಾಗಿ ಇಳಿಬಿಟ್ಟ,
ಜಾರಿದ ಹನಿ ನೆಲಕ್ಕೆ ಹೋಗಲಿ, ಕರೆಂಟಿಗೆ ಬೇಡ.

ಹಡಗುಕಟ್ಟೆಯ ಬಣ್ಣದ ಉಗ್ರಾಣದವಳು ನಾನು.
ಹನ್ನೊಂದು ಬಗೆಯ ನೀಲಿ ಕಲಸಿದ್ದೇನೆ,
ಚೀಟಿ ನೋಡದೆ ಹೆಸರು ಹೇಳುತ್ತಿದ್ದೆ.
ಇಷ್ಟು ನೀಲಿ ಸಾಕು, ಅಂದೆ.
ಬಲಗಣ್ಣಿಗೆ ಇದು ಹೆಚ್ಚು.
ಎಡಗಣ್ಣಿಗೆ?
ಎಡಗಣ್ಣಿಗೆ ಇದು ಚಹಾ.
ನಗು ಬಂತು.
ಆಮೇಲೆ ಅವನು ನನ್ನ ಸ್ವೆಟರಿನ ತೋಳು ಹಿಡಿದು,
ಎಡಗಣ್ಣು ಮುಚ್ಚಿ,
ಇದು ಬೂದಿಯಲ್ಲ ಕಣೇ, ನೇರಳೆ, ಅಂದ.
ನಗು ನಿಂತಿತು.
ಪೊರೆ ಎಷ್ಟು ಮೆಲ್ಲಗೆ ಬರುತ್ತದೆಂದರೆ
ಪೊರೆಯುತ್ತಿದೆ ಎಂದೇ ಅನಿಸುತ್ತದೆ.

ಹವಳಕ್ಕೆ ಕಣ್ಣಿಲ್ಲ, ಅದನ್ನೇ ಕೇಳೋಣ ಎಂದಾಯಿತು.
ನೀರು ಹದಕ್ಕೆ ಬರಲು ತಿಂಗಳು ಹಿಡಿಯಿತು.
ನೂರಕ್ಕೆ ಇಪ್ಪತ್ತರಿಂದ ಶುರು ಮಾಡಿ,
ವಾರಕ್ಕೆ ಐದೈದು ಏರಿಸಿ, ಎಂದಿದ್ದಳು ಹಾಲ್ಶ್ಕಾ.
ಬೊಗುಮಿಲ್ಲನಿಗೂ ತಾಳ್ಮೆಗೂ ಎಲ್ಲಿಯ ನಂಟು!
ಮೂರನೇ ದಿನಕ್ಕೇ ಅರವತ್ತು.
ಐದನೇ ದಿನ ಅಣಬೆ ಹವಳ ಮುಷ್ಟಿ ಬಿಗಿಯಿತು,
ಅಂಚೆಲ್ಲ ಬಿಳುಚಿ.

ಆ ರಾತ್ರಿ ಉಣ್ಣಲಿಲ್ಲ.
ಕೆಲಸಕ್ಕೆ ಸೇರಿದ ವರ್ಷ ನನಗೂ ಹೀಗೇ ಬೆಳಕು ಹೊಡೆದಿತ್ತು, ಅಂದ,
ಬೆಳಗಿನತನಕ ಕಣ್ಣೊಳಗೆ ಮರಳು,
ಅಮ್ಮ ರೆಪ್ಪೆಯ ಮೇಲೆ ಹಸಿ ಆಲೂಗಡ್ಡೆಯ ಬಿಲ್ಲೆ ಇಟ್ಟು ಕೂತಿದ್ದಳು.
ಹವಳಕ್ಕೆ ಆಲೂಗಡ್ಡೆ ಇಡಲಾಗುವುದಿಲ್ಲ.
ಬಂಡೆಯ ನೆರಳಿಗೆ ಸರಿಸಿ,
ಗುಂಡಿ ಹಿಂದಕ್ಕೆ ತಿರುಗಿಸಿ,
ಎರಡೂ ಕಣ್ಣು ತೆರೆದು ಕಾದ.

ಈಗ ಟೈಮರು ಹತ್ತಕ್ಕೆ ನೀಲಿಯನ್ನು ಎಬ್ಬಿಸುತ್ತದೆ,
ಹನ್ನೊಂದಕ್ಕೆ ಬಿಳಿ ಬಂದು ಸೇರಿಕೊಳ್ಳುತ್ತದೆ,
ಸಂಜೆ ಬಿಳಿ ಮೊದಲು ಹೊರಡುತ್ತದೆ.
ಎದುರು ಕಟ್ಟಡದ ಹೆಂಗಸು ಲಿಫ್ಟಿನ ಬಳಿ ಕೇಳಿದಳು,
ಕತ್ತಲಾದ ಮೇಲೆ ಏನು ಬೆಸೆಯುತ್ತಾನೆ ನಿಮ್ಮವನು?
ಗುರುವಾರ ಪ್ಲಗ್ಗು ಕಿತ್ತು, ಒದ್ದೆ ಬಟ್ಟೆಯಲ್ಲಿ
ದೀಪಕ್ಕೆ ಕಟ್ಟಿದ ಉಪ್ಪನ್ನು ನಾನೇ ಒರೆಸುತ್ತೇನೆ.

ನಿನ್ನೆ ಅಣಬೆ ಅರ್ಧ ಬಿಚ್ಚಿತ್ತು.
ಯಾವ ಬಣ್ಣ ಹೇಳು ನೋಡೋಣ, ಅಂದ.
ಕಂದು, ಅಂದೆ.
ಅವನು ಸುಮ್ಮನಿದ್ದ.

ನನ್ನ ಹೆಸರನ್ನೂ ಆಸ್ಪತ್ರೆಯಲ್ಲಿ ಬರೆಸಿ ಬಂದಿದ್ದಾನಂತೆ.
ಮುಂದಿನ ಬೇಸಿಗೆಗೆ ಸಿಕ್ಕರೆ ಪುಣ್ಯ.
ಅಲ್ಲಿಯತನಕ ಸ್ವೆಟರು ಬೂದಿಯೇ.