ಮನೆಯವರು

ಗಡಿಯ ಡೇರೆಯಲ್ಲಿ ಪೆನ್ನು ಹಿಡಿದ ಹುಡುಗ ಕೇಳಿದ:
ಹೆಸರು?
ಸ್ಪೆಸಿಯೋಜ.
ಮನೆಯವರು?
ಮನೆಯನ್ನೇ ಹುಡುಕಿಕೊಂಡು ಹೊರಟಿದ್ದೇನಪ್ಪ, ಎಂದೆ.
ಅವನು ನಗಲಿಲ್ಲ. ಆ ಖಾನೆಯಲ್ಲೊಂದು ಅಡ್ಡಗೆರೆ ಎಳೆದ.

ಅಡ್ಡಗೆರೆಯ ಜೊತೆಗೆ ಸಿಕ್ಕಿದ್ದು
ಎರಡು ಚಾಪೆ, ಒಂದು ನೀರಿನ ಕ್ಯಾನು, ನೀಲಿ ತಾಡಪಾಲು,
ಮೂರು ತಿಂಗಳಿಗಾಗುವ ಕೆಂಪು ಬೀನ್ಸ್ ಕಾಳು.

ಮಕಾಂಬಾದ ಗುಡ್ಡ ಹತ್ತುವಾಗ ಬಸ್ಸಿನ ಹೆಂಗಸರು ಹಾಡಿದರು.
ನಾನು ಅಪ್ಪ ಹೇಳಿಕೊಟ್ಟ ಗುರುತು ಗುನುಗುತ್ತಿದ್ದೆ:
ತೊರೆ ದಾಟಿ ಎಡಕ್ಕೆ,
ಬೇಲಿಗೆಂದು ನೆಟ್ಟು ಮರವಾದ ನಾಲ್ಕು ಅತ್ತಿ,
ಆಮೇಲೆ ಏಳು ತಾಳೆ.
ಅಪ್ಪನ ಗೋರಿ ನ್ಯಾರುಗುಸು ಕ್ಯಾಂಪಿನಲ್ಲೇ ಉಳಿಯಿತು.
ಗುರುತು ನನ್ನ ಜೊತೆ ಬಂತು.

ತಾಳೆ ಹನ್ನೊಂದಿದ್ದವು.
ಹೊಸ ನಾಲ್ಕು ಚಿಕ್ಕಪ್ಪ ಬಾಲ್ತಜಾರ್‌ನವು,
ಹಾಗಾಗಿ ಹಳೆಯ ಏಳೂ.
ಬಾ ಮಗಳೇ, ಅಂದ. ಉಂಡು ಹೋಗು, ಅಂದ.
ಆ 'ಹೋಗು' ಎಷ್ಟು ಮೆತ್ತಗಿತ್ತೆಂದರೆ
ಬಟ್ಟಲು ಬರಿದಾದ ಮೇಲೆಯೇ ನನಗೆ ಕೇಳಿಸಿತು.

ಹಿರಿಯರು ಅತ್ತಿಯ ಕೆಳಗೆ ಕೂತರು.
ಗಂಡನಿದ್ದಿದ್ದರೆ ಗಂಡನ ಗುಡ್ಡಕ್ಕೆ ಕಳಿಸಬಹುದಿತ್ತು,
ಇವಳನ್ನು ಎಲ್ಲಿಗೆ ಕಳಿಸೋಣ?
ಮರಗಳನ್ನು ಎಣಿಸಿ ತೋರಿಸಹೋದೆ, ಎಣಿಕೆ ಸ್ವಾಹಿಲಿಯಲ್ಲಿ ಬಂತು,
ಹಿಂದೆ ನಿಂತ ಹುಡುಗರು ಕಿಸಕ್ಕೆಂದರು.
ಕೊನೆಗೆ ತೊರೆಯಂಚಿನ ಜೌಗು,
ಮೊಳಕ್ಕೆ ಎರಡು ಕಲ್ಲು ಸಿಗುವಂಥದ್ದು,
ಸದ್ಯಕ್ಕೆ ಇರಲಿ ಎಂದು ಕೊಟ್ಟರು.
ಸದ್ಯಕ್ಕೆ ಎಂಬುದು ನನಗೆ ಗೊತ್ತಿರುವ ಊರು,
ಹದಿನೆಂಟು ವರ್ಷ ಅಲ್ಲೇ ಇದ್ದವಳು ನಾನು.

ರಾತ್ರಿ ತಾಡಪಾಲಿನ ಮೇಲೆ ಯಾರೋ ಬೆರಳಾಡಿಸುತ್ತಾರೆ.
ಕೆಮ್ಮುತ್ತೇನೆ, ದಪ್ಪ ದನಿಯಲ್ಲಿ.

ಸಂತೆಯಲ್ಲಿ ಅರ್ಧ ಚೀಲ ಕಾಳು ಕೊಟ್ಟು
ಗಂಡಸರ ಹಳೆಯ ಬೂಟು ಕೊಂಡೆ, ಹತ್ತನೇ ನಂಬರು.
ಸಂಜೆಯಾದರೆ ಬಾಗಿಲಾಚೆ ಇಡುವುದು.
ಆದರೆ ಒಣ ಬೂಟನ್ನು ಯಾರು ನಂಬುತ್ತಾರೆ?
ಅದಕ್ಕೇ ಬೆಳಿಗ್ಗೆ ಮುಂಗಾಲಿಗೆ ಹುಲ್ಲು ತುರುಕಿ
ಅದನ್ನೇ ತೊಟ್ಟು ಜೌಗಿಗಿಳಿಯುತ್ತೇನೆ,
ಕಲ್ಲು ಆಯುತ್ತೇನೆ, ಏರಿ ಎಬ್ಬಿಸಿ
ಮರಗೆಣಸಿನ ಕಡ್ಡಿ ಊರುತ್ತೇನೆ.

ನಿನ್ನೆ ಬಾಲ್ತಜಾರ್ ಬದುವಿನ ಮೇಲೆ ನಿಂತು
ಕೆಸರಿನ ಹೆಜ್ಜೆಗಳನ್ನು ನೋಡಿದ.
ಬಹಳ ಹೊತ್ತು ನೋಡಿದ.
ಯಾರು ಬಂದಿದ್ದರು?

ಮನೆಯವರು, ಎಂದೆ
ತಲೆಯೆತ್ತದೆ,
ಇನ್ನೊಂದು ಕಡ್ಡಿ ಊರುತ್ತ.