ಒಲಿ ಆರಿಸೂದು

"ಒಲಿ ಆರಿಸಾಕ ಹೊಂಟೀವಿ, ನೀವೂ ಬರ್ರಿ" ಅಂದೆ.
"ಇನ್ನೂ ಹಚ್ಚೇ ಇಲ್ಲಲ್ಲವಾ, ಆರಿಸೂದೇನು?" ಅಂದ ಮಾವ.
ತನ್ನ ಮಾತಿಗೆ ತಾನೇ ನಕ್ಕು, ಕೆಮ್ಮಿ,
ಟೊಪಗಿ ಹುಡುಕಿದ.

ಮಾವನೇ ಬೇಕಾಗಿತ್ತು. ಸೊಲ್ಲಾಪುರದ ಮಿಲ್ಲಿನಾಗ
ಮೂವತ್ತೊಂದು ವರ್ಷ ಬಾಯ್ಲರಿಗೆ
ಕಲ್ಲಿದ್ದಲಿ ಉಣಿಸಿದ ಕೈ ಅದು.
ಭೋಂಗಾ ನಿಂತು ಎಷ್ಟೋ ವರ್ಷ ಆತು, ಖರೆ
ಬೆಳಗಿನ ಪಾಳಿಯ ಹೊತ್ತಿಗೆ ಇನ್ನೂ ಎಚ್ಚರ.
ಕತ್ತಲಾಗ ಎದ್ದು ಕುಂತು
ಇಲ್ಲದ ಬಾಗಿಲದ ಚಿಲಕ ತಡವತಾನ.

ನಮ್ಮದು ಕಡಕ ರೊಟ್ಟಿ ಧಂಧೆ.
ದಿನಕ್ಕ ಮುನ್ನೂರು, ನಾನೂ ನೆಗೆಣ್ಣಿ ಸುಗಲಾನೂ ಕೂಡಿ.
ಬಡದು ಹಂಚಿಗೆ ಹಾಕೂವಾಗ ಉರಿ ಬೇಕು,
ನಾಲಿಗಿ ಚಾಚಿ ನೆಕ್ಕೂ ಉರಿ:
ಅದು ಜಾಲಿ ಕಟಗಿ ಕೆಲಸ.
ಉಬ್ಬಿ ಇಳದ ರೊಟ್ಟಿ ಹಪ್ಪಳದಂಗ ಸದ್ದು ಮಾಡಬೇಕಂದ್ರ
ಸುಮ್ಮನ ಕುಂತ ಕಾವು ಬೇಕು:
ಅದು ಇದ್ದಲಿ.
ಸಿಲಿಂಡರಿನ ದರಾ ಕೇಳಿದ ದಿನಾನೇ ಠರಾಯಿಸಿದಿವಿ,
ಎರಡೂ ತಿನ್ನೂ ಒಂದ ಒಲಿ ತರೂದಂತ.

ಮಂಗಳವಾರ ಪೇಟ್ಯಾಗ ಪೋಪಟಶೇಟನ ಅಂಗಡಿ.
ದರಾ ಮರಾಠ್ಯಾಗ ಹೇಳಿದ,
ಕಡಿಮಿ ಕೇಳಿದ್ದಕ್ಕ ಕನ್ನಡದಾಗ ಸಿಟ್ಟಾದ.
ಸುಗಲಾಗ ಹಸರು ಬಣ್ಣದ್ದು ಮನಸಿಗೆ ಬಂತು.
ಬಾಗಿಲಕ್ಕ ಕಾಜು, ಕಾಜಿನ ಸುತ್ತ ಬಳ್ಳಿ.
"ಬೆಂಕಿ ಟಿವಿ ಹಂಗ ಕಾಣತದ ನೋಡ" ಅಂದಳು.
ನನಗೂ ಆಸೆ ಆತು, ಸುಳ್ಳ್ಯಾಕ ಹೇಳಲಿ.

ಮಾವ ಕುಕ್ಕರಗಾಲಿಲೆ ಕುಂತ.
ಎತ್ತಿನ ಹಲ್ಲು ನೋಡವರಂಗ
ಮೊಣಕೈತನಾ ಅದರ ಬಾಯಾಗ ಕೈ ಹಾಕಿದ.
ಎರಡು ರೂಪಾಯಿ ಬಿಲ್ಲಿಲೆ ಬಡದು ಕಿವಿ ಇಟ್ಟ.
"ಜಾಳಿ ಎತ್ತಾಕ ಬರತದೇನು?"
"ಫಿಟ್ ಅದ, ಮಲಕಾರಿ ಮಾಮಾ, ಎಂದೂ ಅಲಗಾಡೂದಿಲ್ಲ."
"ಹಂಗಾದ್ರ ಬ್ಯಾಡ."

ಆಮ್ಯಾಲ ನಮಗ ಹೇಳಿದ, ಹೊಸ ಹುಡುಗರಿಗೆ ಪಾಳಿ ಕಲಿಸಿದಂಗ:
"ಕಟಗಿ ಸಮಾಧಾನದ್ದು. ತನ್ನ ಬೂದಿಮ್ಯಾಲ ತಾನೇ
ಹಾಸಿಗಿ ಮಾಡಕೊಂಡು ಉರೀತದ.
ಇದ್ದಲಿ ಹಂಗಲ್ಲ. ಅದಕ್ಕ ಬುಡದಾಗಿಂದ ಗಾಳಿ ಬೇಕು,
ಬೂದಿ ತುಂಬಿತಂದ್ರ ಕಣ್ಣು ಮುಚ್ಚತದ.
ಎರಡೂ ತಿಂತೀನಿ ಅನ್ನೂ ಒಲಿ ಭಾಳ ಅದಾವ,
ಎರಡೂ ಅರ್ಧಾ ಉಗಳತಾವ."

ಬಕೀಟಗಳ ಹಿಂದ ಒಂದಿತ್ತು.
ಕರೇದು, ಗಿಡ್ಡದು, ಒಂದು ಕಾಲು ಸೊಟ್ಟ.
ಜಾಳಿ ಎತ್ತಿದ್ರ ಕೈಯಾಗ ಬಂತು, ಇಟ್ಟರ ಕುಂತಿತು.
ಕೆಳಗ ಅಂಗೈಯಷ್ಟು ಬೂದಿಬಾಗಿಲ, ಅದಕ್ಕೊಂದು ಚಿಲಕ.
ಮಾವ ಅದನ್ನ ತೆಗೆದ, ಹಾಕಿದ, ತೆಗೆದ.
"ಏನ ತಿಂತದಂತ ಎಲ್ಲಾರೂ ಕೇಳತಾರ.
ಎಲ್ಲಿಂದ ಉಸರ ತಗೋತದಂತ ಕೇಳವರಿಲ್ಲ.
ಶೇಟಜೀ, ಒಂದ ಬೀಡಿ ತರಸ್ರಿ."

ಸುಗಲಾ ನನ್ನ ಮಾರಿ ನೋಡಿದಳು.
ಡಾಕ್ಟರ ಬೀಡಿ ಬಿಡಿಸಿ ಎರಡು ಶ್ರಾವಣ ಆಗಿತ್ತು.
"ಪರೀಕ್ಷಾಕ್ಕ" ಅಂದ ಮಾವ, ನಮ್ಮ ಕಡೆ ನೋಡದ.

ಬೀಡಿ ಹತ್ತಬೇಕಂದ್ರ ಒಂದ ಜುರಕಿ ಎಳೀಲೇಬೇಕು.
ಎಳದ. ಹತ್ತಿತು.
ಇನ್ನೊಂದು ಯಾಕ ಎಳದ ಅಂತ
ಬೀಡಿ ಕಟ್ಟಿ ಬೆರಳು ಸವೆಸಿದ ಸುಗಲಾನೂ ಕೇಳಲಿಲ್ಲ.
ಆಮ್ಯಾಲ ಬೂದಿಬಾಗಿಲದ ಮುಂದ ಹಿಡದ.
ಹೊಗಿ ನೆಟ್ಟಗ ಏರಿತು, ಗಳಿಗೆ ಅನುಮಾನಿಸಿತು,
ಕುತಗಿ ಬಾಗಿಸಿ ಒಳಗ ಹೋತು.
ಮ್ಯಾಲಿನ ಕೊಳವ್ಯಾಗ ಎಳಿಯಷ್ಟು, ಕೂದಲದಷ್ಟು,
ನೀಲಿಯಾಗಿ ಹೊರಬಿತ್ತು.

"ಎಳೀತದ" ಅಂದ ಮಾವ, ಕಣ್ಣು ಮುಚ್ಚಿ.
ಯಾವುದು ಅಂತ ನಾನು ಕೇಳಲಿಲ್ಲ.

ಸೊಟ್ಟ ಕಾಲಿಗೆ ಇನ್ನೂರು ಕಡಿಮಿ ಮಾಡಿದ ಶೇಟ.
ಮನಿಗೆ ಹೋಗಿ ಫರಸಿ ತುಂಡು ಕೊಟ್ಟರಾತು.
ರಿಕ್ಷಾದಾಗ ಒಲಿ ನಮ್ಮಿಬ್ಬರ ನಡುವ,
ಜಾಳಿ ಮಾವನ ತೊಡಿಮ್ಯಾಲ,
ಯಾರೂ ಮಾತಾಡಲಿಲ್ಲ.
ಪಾವತಿ ತೆಗೆದು ಓದಿದೆ:
ಚೂಲ್ ಒಂದು, ಜಾಳಿ ಒಂದು.
ಬೀಡಿ ಬರದಿರಲಿಲ್ಲ.