ಎಲೆಯ ಮೇಲಿನ ಕೈ

ರಾತ್ರಿ ಎರಡೂವರೆ. ಕಲಬುರಗಿಯ ದೊಡ್ಡಾಸ್ಪತ್ರೆ.
ಲ್ಯಾಬಿನ ಗೋಡೆ ಮುಟ್ಟಿದರೆ ಮೇ ತಿಂಗಳು ಇನ್ನೂ ಬಿಸಿ.
ಮುಂದಿದೆ ಬೆರಳುದ್ದದ ಬಿಳಿ ಪಟ್ಟಿ:
ಗಾಂಜಾ ಇಲ್ಲ. ಅಫೀಮು ಇಲ್ಲ. ನಿದ್ದೆಗುಳಿಗೆ ಇಲ್ಲ.
ಗೆರೆಗಳೆಲ್ಲ ನೆಟ್ಟಗೆ ಮೂಡಿವೆ
ಆಣೆ ಮಾಡಲು ನಿಂತವರ ಹಾಗೆ.

ಅಲ್ಲಿ, ಹದಿಮೂರನೇ ಮಂಚದಲ್ಲಿ,
ಶಹಾಬಾದ ಕಲ್ಲಿಗೆ ಪಾಲಿಶ್ ಹಿಡಿಯುವ ಅಂಬಾರಾಯ.
ಹತ್ತೊಂಬತ್ತು ವರ್ಷ, ಉಗುರಿನಡಿ ಬೂದು ಹಿಟ್ಟು.
ಎರಡು ಸಲ ಸೆಟೆದು, ಎರಡು ಸಲ ಸಡಿಲಾಗಿ,
ಈಗ ತಿರುಗದ ಫ್ಯಾನನ್ನು
ಬೀಗರನ್ನು ನೋಡಿದಂತೆ ನೋಡುತ್ತಿದ್ದಾನೆ.

'ಏನೂ ಇಲ್ಲಂದ್ರ ಹಿಂಗ್ಯಾಕ್ರಿ ಮೇಡಮ್?'
ಅವನ ಅಕ್ಕ ಜಗದೇವಿ. ಮುಷ್ಟಿಯಲ್ಲಿ ಬೆವೆತ ಪುಡಿಕೆ,
ಮೇಲೆ ನೀಲಿ ಹುಲಿ, ಕೆಳಗೆ ಇರುವೆಯಷ್ಟು ಅಕ್ಷರ:
ಧೂಪಕ್ಕೆ ಮಾತ್ರ.
ಒಳಗೆ ಒಣ ಸೊಪ್ಪು. ಯಾವುದೆಂದು ಸೊಪ್ಪಿಗೂ ಗೊತ್ತಿಲ್ಲ.
ಅದರ ಮೇಲೆ ಯಾರೋ ಕತ್ತಲಲ್ಲಿ ಸಿಂಪಡಿಸಿದ್ದು ಬೇರೆ.
ಒಂದು ಚಿಟಿಕೆಯಲ್ಲಿ ಬರೀ ಕಸ,
ಪಕ್ಕದ ಚಿಟಿಕೆಯಲ್ಲಿ ಸಿಡಿಲು.

ನಾನೇನು ಡಾಕ್ಟರಮ್ಮ ಅಲ್ಲ.
ಆಳಂದ ಕಡೆ ಮದುವೆಗಳಲ್ಲಿ ಹುಗ್ಗಿ ನೀಡುತ್ತಿದ್ದವನ ಮಗಳು.
ಅಪ್ಪನಿಂದ ಕಲಿತದ್ದನ್ನೇ ಹೇಳಿದೆ,
ಕಾರಿಡಾರಿನ ಕಲ್ಲುಬೆಂಚಿನಲ್ಲಿ ಕೂತು:

ನೋಡವ್ವ, ತಲಿಯೊಳಗೂ ಪಂಕ್ತಿ ಅದ.
ನೀಡೋ ನರ ಒಂದು, ಉಣ್ಣೋ ನರ ಒಂದು,
ನಡು ಕೂದಲಿಗಿಂತ ಸಣ್ಣ ಸಂದು.
ಒಬ್ಬ 'ಏಳು' ನೀಡ್ತಾನ, ಇನ್ನೊಬ್ಬ 'ಕೂಡು' ನೀಡ್ತಾನ.
ಹೊಟ್ಟಿ ತುಂಬಿದಾಂವ ಏನ್ ಮಾಡ್ತಾನ?
ಪತ್ರೋಳಿ ಮ್ಯಾಲ ಅಂಗೈ ಅಡ್ಡ ಹಿಡಿತಾನ: ಸಾಕ್ರಿ.
ಆ ಸಾಕು ಉಲ್ಟಾ ಹೋಗ್ತದ, ಉಣ್ಣಾಂವನಿಂದ ನೀಡಾಂವನ ಕಡಿ.
ಅದನ್ನ ಕೇಳ್ಲಾಕೇ ನೀಡಾಂವನ ಮೈಮ್ಯಾಲ ಒಂದು ಕಿವಿ ಅದ.
ಕೇಳ್ತಾನ. ಸೌಟು ಎತ್ತತಾನ. ಮುಂದ ಹೋಗ್ತಾನ.

ಆ ಸಾಕನ್ನು ಮೈ ಆಗಿಂದಾಗ ಕಾಸುತ್ತದೆ, ತೊಟ್ಟಿನಷ್ಟು;
ಕೆಲಸವಾದೊಡನೆ ತಾನೇ ತೊಳೆದು ಚೆಲ್ಲುತ್ತದೆ.
ದೂರದೇಶದ ಯಾರೋ ಅದಕ್ಕೆ ಹೆಸರಿಡುವಾಗ
ನಮ್ಮ ಆನಂದವನ್ನೇ ಎರವಲು ಪಡೆದರಂತೆ.
ಇದನ್ನು ಅವಳಿಗೆ ಹೇಳಲಿಲ್ಲ. ಆ ಹೊತ್ತಿಗೆ ಆ ಪದ ಒಗ್ಗಲಿಲ್ಲ.

ಗಾಂಜಾದ ಹೊಗೆಯೂ ಆ ಕಿವಿಯಲ್ಲೇ ಮಾತಾಡುವುದು,
ಆದರೆ ಅರ್ಧ ನುಂಗಿ, ತೊದಲಿ.
(ಹಾಗಂತ ಅದು ಪಾಡು ಎಂದಲ್ಲ, ಅದಕ್ಕೂ ಇಲ್ಲಿ ಮಂಚಗಳಿವೆ.)
ಈ ಪುಡಿಗೆ ತೊದಲು ಗೊತ್ತಿಲ್ಲ.
ಕಿವಿಗೆ ಬಾಯಿಟ್ಟು ಪೂರಾ ಗಂಟಲಲ್ಲಿ ಕೂಗುತ್ತದೆ
ಸಾಕು ಸಾಕು ಸಾಕು
ಪತ್ರೋಳಿ ಖಾಲಿಯಿದ್ದರೂ.
ಏಳು ಎನ್ನುವವನಿಗೂ ಸಾಕು, ಕೂಡು ಎನ್ನುವವನಿಗೂ ಸಾಕು.
ಕೂಡು ಎನ್ನುವವನೇ ಮೊದಲು ಸೌಟಿಟ್ಟು ಹೊರಟರೆ
ಪಂಕ್ತಿಗೆ ಪಂಕ್ತಿಯೇ ಎದ್ದು ಅದುರುತ್ತದೆ;
ನಾವು ಕೇಸ್ ಶೀಟಿನಲ್ಲಿ ಫಿಟ್ಸ್ ಎಂದು ಬರೆಯುತ್ತೇವೆ.

ಕೂಗು ತಾಳದ ಕಿವಿಗಳು ಕೊನೆಗೆ ಒಳಕ್ಕೆ ಸರಿಯುತ್ತವೆ
ನಡುಹಗಲ ಬಿಸಿಲಿಗೆ ಸೂಪರ್ ಮಾರ್ಕೆಟ್ಟಿನ ಅಂಗಡಿಗಳು
ಒಂದೊಂದೇ ಶಟರ್ ಎಳೆದುಕೊಂಡ ಹಾಗೆ.
ತೆರೆಯಲು ದಿನ ಬೇಕು. ವಾರ ಬೇಕಾದೀತು.
ಅಲ್ಲಿಯವರೆಗೆ ಮೈಯದೇ ಮೆಲ್ಲನೆಯ ಸಾಕು
ಮುಚ್ಚಿದ ಬಾಗಿಲು ತಟ್ಟುತ್ತ ತಿರುಗಬೇಕು.

ಜಗದೇವಿ ಕೇಳಿದ್ದು ಒಂದೇ:
'ಹಂಗಂದ್ರ, ಅವನಿಗಿ ಅವಂದೇ ಸಾಕು
ಮತ್ತ ಬರ್ತದ ಇಲ್ರಿ?'

ಪಟ್ಟಿಯ ಕಡೆ ನೋಡಿದೆ. ಪಾಪ, ಅದಕ್ಕೆ ಬಾಯಿಪಾಠವಾದ
ಹಳೇ ಹೆಸರುಗಳಷ್ಟೇ ಗೊತ್ತು.
ಇವು ಒಂದು ಬಾಲ ಕಡಿದುಕೊಂಡು ಇನ್ನೊಂದು ಅಂಟಿಸಿಕೊಂಡು
ಹಬ್ಬಕ್ಕೊಂದು ಹೆಸರಲ್ಲಿ ಬರುತ್ತವೆ.
ರಿಜಿಸ್ಟರಿನಲ್ಲಿ ಬರೆದೆ: ನೆಗೆಟಿವ್.
ಅದರ ಕೆಳಗೆ, ಜಾಗವಿರದಿದ್ದರೂ,
ಪೆನ್ಸಿಲಿನಲ್ಲಿ: ಆದರೆ.

ಆರಕ್ಕೆ ಸ್ಟೇಷನ್ ಕಡೆಯಿಂದ ರೈಲಿನ ಕೂಗು.
ಡ್ಯೂಟಿ ಮುಗಿಸಿ ಹೋಗುತ್ತ ಬಾಗಿಲಲ್ಲಿ ನಿಂತೆ.
ಜಗದೇವಿ ಲೋಟಕ್ಕೆ ಚಹಾ ಸುರಿಯುತ್ತಿದ್ದಳು,
ಕಣ್ಣು ಲೋಟದ ಮೇಲಿರಲಿಲ್ಲ, ತಮ್ಮನ ಕೈಮೇಲಿತ್ತು.
ಚಹಾ ಅಂಚಿಗೆ ಬಂತು. ಸ್ಟೂಲಿನ ಮೇಲೆ ಹರಿಯಿತು.
ಅವಳು ಸುರಿಯುತ್ತಲೇ ಇದ್ದಳು.
ಬೂದು ಉಗುರಿನ ಎರಡು ಬೆರಳು
ಕೊಂಚ ಮೇಲೆದ್ದವು.
ಬಿಸಿಗೋ, ಸಾಕಿಗೋ,
ನಾನು ಕೇಳಲಿಲ್ಲ.